‘ಬಾದರ್’: ಎಡಬಲ ನೋಡಿ ಬಳಸಬೇಕಾದ ಪದ

ಆಫೀಸಿನಲ್ಲಿ ಪಕ್ಕದವರು ನಿಮಗೂ ಸೇರಿಸಿ ಕಾಫಿ ತರಲು ಎದ್ದಿದ್ದಾರೆ. ‘ಅಯ್ಯೋ ಬೇಡಿ, ನಿಮಗ್ಯಾಕೆ ಸುಮ್ಮನೆ ತೊಂದರೆ’ ಅನ್ನಬೇಕು ನೀವು. ಇಂಗ್ಲಿಷಿನಲ್ಲಿ ‘ಡೋಂಟ್ ಬಾದರ್’ ಅಂದರೆ ಮಾತು ಹೆಚ್ಚುಕಡಿಮೆ ಮುಟ್ಟುತ್ತದೆ. ಬಾಯಿ ತಪ್ಪಿ ‘ಡೋಂಟ್ ಬಾದರ್ ಮಿ’ ಅಂದಿರೋ, ‘ತಲೆ ತಿನ್ನಬೇಡಿ, ಹೋಗಿ’ ಎಂದು ಗದರಿದ ಹಾಗೆ. ನಡುವೆ ಇರುವುದು ಒಂದೇ ಒಂದು ‘ಮಿ’.

ಈ ಪದಕ್ಕೆ ಶಾಲೆಯಲ್ಲಿ ‘ತೊಂದರೆ ಕೊಡು’ ಎಂದು ಒಂದೇ ಅರ್ಥ ಬರೆಸಿ ಮುಗಿಸುತ್ತಾರೆ. ಅರ್ಧ ಗೊಂದಲ ಅಲ್ಲಿಂದ ಬಂದದ್ದು. ಇನ್ನರ್ಧ ಬರುವುದು ಪದ ಈಗಾಗಲೇ ನಮ್ಮ ಮಾತಿನೊಳಗೆ ಮನೆ ಮಾಡಿಕೊಂಡಿರುವುದರಿಂದ. ‘ಅವನು ಲೀಸ್ಟ್ ಬಾದರ್ಡ್’, ‘ಅದಕ್ಕೆಲ್ಲ ಬಾದರ್ ಮಾಡ್ಕೋಬೇಡ’, ‘ಐ ಡೋಂಟ್ ಬಾದರ್’ ಎಂದು ಕನ್ನಡದ ನಡುವೆ ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಇವನ್ನೇ ಎತ್ತಿ ಇಂಗ್ಲಿಷ್ ವಾಕ್ಯದಲ್ಲಿಟ್ಟರೆ, ನಮ್ಮೂರಿನ ಇಂಗ್ಲಿಷ್ ಕೇಳಿ ಅಭ್ಯಾಸವಿಲ್ಲದವರಿಗೆ ಬೇರೆಯೇ ಅರ್ಥ ಹೊಳೆಯುತ್ತದೆ.

ಮೊದಲು ನಾಲಗೆಗೆ, ಆಮೇಲೆ ಬೆರಳಿಗೆ

ಅಕ್ಷರಗಳು ಬಿ, ಓ, ಟಿ, ಎಚ್, ಇ, ಆರ್. ನಡುವಿನ ಟಿಎಚ್ ಸದ್ದು ‘ಮದರ್’, ‘ದಿಸ್’ ಪದಗಳಲ್ಲಿ ಇರುವಂಥದ್ದು. ಕನ್ನಡದ ‘ದ’ ಹೇಳುವಾಗ ನಾಲಗೆ ಹಲ್ಲಿಗೆ ಒತ್ತಿ ಗಾಳಿಯನ್ನು ಒಂದು ಕ್ಷಣ ಪೂರ್ತಿ ತಡೆಯುತ್ತದೆ. ಇಲ್ಲಿ ಹಾಗೆ ಒತ್ತಬಾರದು. ತುದಿ ಹಲ್ಲಿಗೆ ತಾಗಿಯೂ ತಾಗದಂತಿದ್ದು ಗಾಳಿ ನಡುವೆ ಹರಿಯುತ್ತಲೇ ಇರಬೇಕು. ನಮ್ಮ ‘ದ’ವನ್ನೇ ಬಳಸಿದರೂ ಅರ್ಥವೇನೂ ಕೆಡುವುದಿಲ್ಲ, ಅದಕ್ಕಾಗಿ ಕನ್ನಡಿ ಮುಂದೆ ನಿಲ್ಲಬೇಕಿಲ್ಲ. ಕೆಡುವುದು ಸ್ವರದಲ್ಲಿ. ಅಮೆರಿಕದವರು ‘ಬಾದರ್’ ಎಂದು ಬಾಯಿ ಅಗಲಿಸುತ್ತಾರೆ, ಬ್ರಿಟನ್ನಿನ ಬಹುಪಾಲು ಜನ ‘ಬೊದ’ ಎಂದು ಒಕಾರವನ್ನು ಗಿಡ್ಡಗೊಳಿಸಿ ಕೊನೆಯ ‘ರ್’ ನುಂಗುತ್ತಾರೆ. ‘ಅ’ಕಾರಕ್ಕೆ ಇಳಿಸಿ ‘ಬದರ್’ ಅಂದರೆ ‘ಬ್ರದರ್’ ಕೇಳಿಸೀತು.

ಟೈಪ್ ಮಾಡುವಾಗಲೂ ಅದೇ ಅಪಾಯ. ಬಿ ಅಕ್ಷರದ ಪಕ್ಕ ಒಂದು ಆರ್ ನುಸುಳಿದರೆ ‘ಸಾರಿ ಟು ಬ್ರದರ್ ಯು’ ಎಂಬ ಮೇಲ್ ಹೊರಡುತ್ತದೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಕಾಗುಣಿತ ಪರೀಕ್ಷಿಸುವ ತಂತ್ರಾಂಶ ಕೆಂಪು ಗೆರೆ ಎಳೆಯದೇ ಬಿಡಬಹುದು. ಕಳಿಸುವ ಮುನ್ನ ಕಣ್ಣಲ್ಲೇ ನೋಡಬೇಕು.

ಭೂತಕಾಲಕ್ಕೆ ಇಡಿ, ನಡೆಯುತ್ತಿರುವುದಕ್ಕೆ ಐಎನ್‌ಜಿ ಸೇರಿಸಿದಾಗ ಕೊನೆಯ ಆರ್ ಇಮ್ಮಡಿ ಆಗುವುದಿಲ್ಲ. ‘ರೆಫರ್ಡ್’, ‘ಅಕರ್ಡ್’ಗಳಲ್ಲಿ ಎರಡು ಆರ್ ಬರುವುದು ಅಲ್ಲಿ ಒತ್ತು ಕೊನೆಗೆ ಬೀಳುವುದರಿಂದ. ‘ಬಾದರ್’ನಲ್ಲಿ ಒತ್ತು ಮೊದಲಿಗೇ ಬೀಳುತ್ತದೆ.

ಇನ್ನೊಂದು ಮಾತು. ‘ಬಾದರ್’ ಕೇಳಿದ ಕೂಡಲೇ ನಮಗೆ ‘ಬಾಧೆ’ ನೆನಪಾಗುತ್ತದೆ, ಅರ್ಥವೂ ಹೊಂದುತ್ತದೆ, ಹಾಗಾಗಿ ಎರಡೂ ಒಂದೇ ಬೇರಿನವು ಎಂದು ನಂಬುವವರಿದ್ದಾರೆ. ಅಲ್ಲ. ‘ಬಾಧೆ’ ಒತ್ತು, ಪೀಡಿಸು ಎಂಬ ಅರ್ಥದ ಸಂಸ್ಕೃತ ಧಾತುವಿನದು. ‘ಬಾದರ್’ ಇಂಗ್ಲಿಷಿನಲ್ಲಿ ಕಾಣಿಸಿಕೊಂಡದ್ದು 18ನೇ ಶತಮಾನದ ಆರಂಭದಲ್ಲಿ, ಅದೂ ಮೊದಮೊದಲು ಐರ್ಲೆಂಡಿನ ಬರಹಗಾರರ ಕೈಯಲ್ಲಿ. ಕಿವುಡ ಎಂಬ ಅರ್ಥದ ಐರಿಷ್ ಪದದಿಂದ, ಅಂದರೆ ಕಿವಿ ಗಡಚಿಕ್ಕುವಷ್ಟು ಗಲಾಟೆ ಮಾಡು ಎಂಬ ಭಾವದಿಂದ ಅದು ಬಂದಿರಬೇಕೆಂಬುದು ನಿಘಂಟುಕಾರರು ಹೆಚ್ಚಾಗಿ ಒಪ್ಪುವ ಊಹೆ. ಆ ಐರಿಷ್ ಪದಕ್ಕೆ ಸಂಸ್ಕೃತದಲ್ಲಿ ನಂಟ ಇದ್ದಾನೆ: ‘ಬಧಿರ’. ಊಹೆ ಸರಿಯಿದ್ದರೆ ‘ಬಾದರ್’ಗೆ ನಮ್ಮ ಕಡೆಯ ದೂರದ ದಾಯಾದಿ ‘ಬಾಧೆ’ ಅಲ್ಲ, ‘ಬಧಿರ’.

ಎಡಕ್ಕೆ ಯಾರು, ಬಲಕ್ಕೆ ಯಾರು

ಕನ್ನಡದಲ್ಲಿ ಕಿರಿಕಿರಿ ಆದವರಿಗೆ ‘ಗೆ’ ಹಚ್ಚುತ್ತೇವೆ. ‘ನನಗೆ ಕಿರಿಕಿರಿ ಆಗ್ತಿದೆ’, ‘ಅಮ್ಮನಿಗೆ ಬೇಜಾರಾಗಿದೆ.’ ಕಿರಿಕಿರಿ ಎಲ್ಲಿಂದಲೋ ಬಂದು ನಮಗೆ ಆಗುತ್ತದೆ. ವಾಕ್ಯ ಶುರುವಾಗುವುದು ‘ನನಗೆ’ ಎಂದು, ಇಂಗ್ಲಿಷ್ ಜೋಡಿಸುವ ಅವಸರದಲ್ಲಿ ಆ ‘ನನಗೆ’ ‘ಐ’ ಆಗಿ ಮುಂದೆ ಬಂದು ಕೂರುತ್ತದೆ. ‘ಐ ಆಮ್ ಬಾದರಿಂಗ್ ಬೈ ದ ಸೌಂಡ್’ ಹುಟ್ಟುವುದು ಹೀಗೆ. ಕೇಳುವವರಿಗೆ ಮೊದಲು ಕೇಳಿಸುವುದು ‘ನಾನು ಕಾಟ ಕೊಡುತ್ತಿದ್ದೇನೆ’ ಎಂದು.

ಹಾಗಾಗಿ ವಾಕ್ಯ ಕಟ್ಟುವ ಮುನ್ನ ಹೀಗೆ ಮಾಡಿ:

1. ಹೇಳಬೇಕಾದದ್ದು ಕಾಟವೋ, ಗೋಜೋ ತೀರ್ಮಾನಿಸಿ. ಯಾರೋ ಏನೋ ನಿಮ್ಮನ್ನು ಕಾಡುತ್ತಿದ್ದರೆ ಅದು ಕಾಟ. ಯಾರೋ ಒಂದು ಕೆಲಸ ಮಾಡುವ ಶ್ರಮ ತೆಗೆದುಕೊಳ್ಳಲಿಲ್ಲ ಅನ್ನಬೇಕಿದ್ದರೆ ಅದು ಗೋಜು.

2. ಕಾಟವಾದರೆ, ಕಾಡುವವರನ್ನು ‘ಬಾದರ್’ನ ಎಡಕ್ಕೆ ಕೂರಿಸಿ, ಅನುಭವಿಸುವವರನ್ನು ಬಲಕ್ಕೆ. ‘ದ ನಾಯ್ಸ್ ಈಸ್ ಬಾದರಿಂಗ್ ಮಿ.’ ಸದ್ದು ಎಡಕ್ಕೆ, ನಾನು ಬಲಕ್ಕೆ.

3. ಗೋಜಾದರೆ, ಕೆಲಸ ಮಾಡಬೇಕಿದ್ದವರು ಎಡಕ್ಕೆ. ಬಲಕ್ಕೆ ಮನುಷ್ಯರು ಬರುವುದಿಲ್ಲ; ಅಲ್ಲಿ ಒಂದು ಕ್ರಿಯಾಪದ ಇರುತ್ತದೆ, ಇಲ್ಲವೇ ಖಾಲಿ. ‘ಹಿ ಡಿಡಂಟ್ ಬಾದರ್ ಟು ರಿಪ್ಲೈ.’

4. ನಿಮ್ಮ ಮನಸ್ಸಿನ ಸ್ಥಿತಿ ಹೇಳಬೇಕಾದರೆ ‘ಬಾದರ್’ ಬಿಟ್ಟು ‘ಬಾದರ್ಡ್’ಗೆ ಹೋಗಿ. ಅದರ ತಂಟೆ ಬೇರೆಯೇ ಇದೆ, ಕೆಳಗೆ ನೋಡೋಣ.

ಮೊದಲ ಹೆಜ್ಜೆಯನ್ನು ಹಾರಿಸಿ ನೇರ ಎರಡಕ್ಕೋ ಮೂರಕ್ಕೋ ಹೋಗುವುದರಿಂದಲೇ ‘ಡೋಂಟ್ ಬಾದರ್ ಮಿ’ಯಂಥವು ಆಗುತ್ತವೆ.

ಬಲಕ್ಕೆ ಆಳಿದ್ದರೆ

ಇಲ್ಲಿ ಕಾಟದ ತೂಕ ಸಂದರ್ಭಕ್ಕೆ ತಕ್ಕಂತೆ ಏರಿಳಿಯುತ್ತದೆ. ಓದುತ್ತಿರುವ ಅಕ್ಕನ ಕೋಣೆಗೆ ಪದೇ ಪದೇ ನುಗ್ಗುವ ತಮ್ಮನಿಗೆ ‘ಡೋಂಟ್ ಬಾದರ್ ಹರ್’. ಮಂಗಳೂರಿನ ಕಡೆ ಇದಕ್ಕೆ ‘ಉಪದ್ರ ಮಾಡ್ಬೇಡ’ ಅನ್ನುತ್ತಾರೆ, ಧಾರವಾಡದಲ್ಲಿ ‘ತ್ರಾಸ ಕೊಡಬ್ಯಾಡ’. ಎರಡೂ ‘ಬಾದರ್’ನ ಹದಕ್ಕೆ ಸರಿಯಾಗಿ ಕೂರುತ್ತವೆ, ಬೈಗುಳವಲ್ಲ, ಮುದ್ದೂ ಅಲ್ಲ. ಬಸ್ಸಿನಲ್ಲಿ ಅಪರಿಚಿತ ಗಂಡಸೊಬ್ಬ ಮೈಮೇಲೆ ಬೀಳುತ್ತಿರುವಾಗ ಪಕ್ಕದವರು ಆ ಹೆಂಗಸನ್ನು ‘ಈಸ್ ದಿಸ್ ಮ್ಯಾನ್ ಬಾದರಿಂಗ್ ಯು?’ ಎಂದು ಕೇಳಿದರೆ ಅದೇ ಪದ ಎಷ್ಟೋ ಗಂಭೀರವಾಗುತ್ತದೆ.

ದೇಹಕ್ಕೂ ಇದು ನಡೆಯುತ್ತದೆ. ‘ಮೈ ನೀ ಹ್ಯಾಸ್ ಬೀನ್ ಬಾದರಿಂಗ್ ಮಿ ಫಾರ್ ಟೂ ವೀಕ್ಸ್’ ಅಂದರೆ ಮೊಣಕಾಲು ಎರಡು ವಾರದಿಂದ ಕಾಡುತ್ತಿದೆ. ವಿದೇಶದಲ್ಲಿ ವೈದ್ಯರ ಮುಂದೆ ಕೂತಾಗ ಒಂದು ಎಚ್ಚರ ಬೇಕು: ಈ ಪದ ಹಗುರ. ನಡೆಯಲಾರದಷ್ಟು ನೋವಿದ್ದು ‘ಬಾದರಿಂಗ್’ ಅಂದರೆ ಅವರು ಸಣ್ಣ ಕಿರಿಕಿರಿ ಎಂದು ಬರೆದುಕೊಂಡಾರು. ನೋವು ಜೋರಾಗಿದ್ದರೆ ‘ಸಿವಿಯರ್ ಪೇನ್’ ಎಂದು ನೇರವಾಗಿ ಹೇಳಿ.

ಕಾಲವನ್ನೂ ಗಮನಿಸಿ. ‘ದ ಸ್ಮೋಕ್ ಬಾದರ್ಸ್ ಮಿ’ ಅಂದರೆ ಹೊಗೆ ಯಾವತ್ತೂ ನನಗೆ ಆಗಿಬರುವುದಿಲ್ಲ. ‘ದ ಸ್ಮೋಕ್ ಈಸ್ ಬಾದರಿಂಗ್ ಮಿ’ ಅಂದರೆ ಈಗ, ಇಲ್ಲಿ, ದಯವಿಟ್ಟು ಏನಾದರೂ ಮಾಡಿ.

ಕಾಡುವುದು ವಸ್ತುವೋ ವ್ಯಕ್ತಿಯೋ ಆಗಿರದೆ ಒಂದು ಸಂಗತಿಯಾಗಿದ್ದರೆ ‘ಇಟ್ ಬಾದರ್ಸ್ ಮಿ ದಟ್’ ಎಂದು ಶುರುಮಾಡಿ ಆಮೇಲೆ ಸಂಗತಿಯನ್ನು ಹೇಳುತ್ತಾರೆ. ಇಲ್ಲಿ ಅರ್ಥ ಕಿರಿಕಿರಿಗಿಂತ ಒಳಗಿನದು, ‘ಮನಸ್ಸಿಗೆ ಕಸಿವಿಸಿ’ ಎಂಬುದರ ಹತ್ತಿರದ್ದು. ‘ಇಟ್ ಬಾದರ್ಸ್ ಮಿ ದಟ್ ನೋಬಡಿ ಆಸ್ಕ್ಡ್ ಹರ್’: ಅವಳನ್ನು ಒಬ್ಬರೂ ಕೇಳಲಿಲ್ಲವಲ್ಲ ಎಂಬುದು ಕೊರೆಯುತ್ತಿದೆ. ಸಭೆಗಳಲ್ಲಿ ಇದರ ಸೋದರ ‘ವಾಟ್ ಬಾದರ್ಸ್ ಮಿ ಈಸ್’ ತುಂಬ ಉಪಯೋಗಿ. ‘ನೀವು ಹೇಳಿದ್ದು ತಪ್ಪು’ ಎಂದು ಎದುರುಬೀಳದೆಯೇ ‘ನನಗೆ ಸರಿಕಾಣದ್ದು ಇದು’ ಎಂದು ಇಟ್ಟುಬಿಡಬಹುದು. ವಾದ ಶುರುಮಾಡಲು ಇದಕ್ಕಿಂತ ಸಭ್ಯವಾದ ದಾರಿ ಇಂಗ್ಲಿಷಿನಲ್ಲಿ ಹೆಚ್ಚಿಲ್ಲ.

ಬಲಕ್ಕೆ ಕೂತ ವ್ಯಕ್ತಿಯ ಆಚೆ ಇನ್ನೊಂದು ವಿಷಯ ಸೇರಿಸಬೇಕಾದರೆ ‘ವಿತ್’ ಅಥವಾ ‘ಅಬೌಟ್’. ‘ಡೋಂಟ್ ಬಾದರ್ ಹಿಮ್ ವಿತ್ ದಿಸ್.’ ಈ ಸಣ್ಣ ವಿಷಯ ಹಿಡಿದುಕೊಂಡು ಅವರ ಹತ್ತಿರ ಹೋಗಬೇಡ ಎಂದು. ಇಲ್ಲಿ ‘ಫಾರ್’ ಹಾಕುವುದು ‘ಇದಕ್ಕೆಲ್ಲ’ ಎಂಬ ಕನ್ನಡದ ‘ಕ್ಕೆ’ಯ ಪ್ರಭಾವ.

ಬಲ ಖಾಲಿ ಇದ್ದರೆ: ಗೋಜಿಗೆ ಹೋಗುವುದು

ಈ ಅರ್ಥವೇ ನಮ್ಮವರಿಗೆ ಕಷ್ಟ ಅನ್ನಿಸುವುದು. ಆದರೆ ಇದಕ್ಕೆ ಅಚ್ಚು ಹೊಯ್ದಂಥ ಮಾತು ಕನ್ನಡದಲ್ಲೇ ಇದೆ. ‘ಗೋಜು’ ಅಂದರೆ ತೊಡಕು, ರಗಳೆ. ‘ಗೋಜಿಗೆ ಹೋಗು’ ಅಂದರೆ ಆ ರಗಳೆಯನ್ನು ಮೈಮೇಲೆ ಹಾಕಿಕೊಳ್ಳುವುದು. ‘ಬಾದರ್’ ಕೂಡ ಹಾಗೆಯೇ ತೊಂದರೆ ಎಂಬಲ್ಲಿಂದ ತೊಂದರೆ ತೆಗೆದುಕೊಳ್ಳುವುದು ಎಂಬಲ್ಲಿಗೆ ಬಂದಿದೆ. ‘ಉತ್ತರಿಸುವ ಗೋಜಿಗೂ ಹೋಗಲಿಲ್ಲ’ ಎಂಬುದನ್ನು ಇಂಗ್ಲಿಷಿಗೆ ಮಾಡಿದರೆ ‘ಡಿಡಂಟ್ ಈವನ್ ಬಾದರ್ ಟು ರಿಪ್ಲೈ’. ಆ ‘ಗೋಜಿಗೂ’ದ ‘ಊ’ ಇದೆಯಲ್ಲ, ಅದೇ ‘ಈವನ್’.

ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ‘ನಾನು ಓದುವ ಗೋಜಿಗೆ ಹೋದೆ’ ಎಂದು ಯಾರೂ ಹೇಳುವುದಿಲ್ಲ. ‘ಹೋಗಲಿಲ್ಲ’ ಅಂದಾಗಲೇ ಅದು ಬಾಯಿಗೆ ಹಿಡಿಯುತ್ತದೆ. ‘ಐ ಬಾದರ್ಡ್ ಟು ರೀಡ್ ಇಟ್’ ಕೂಡ ಹಾಗೆಯೇ ಕಿವಿಗೆ ಅಡ್ಡಬರುತ್ತದೆ. ಈ ಅರ್ಥದ ‘ಬಾದರ್’ ಬಾಳುವುದು ಇಲ್ಲ ಎಂಬುದರ ಜೊತೆ, ಪ್ರಶ್ನೆಯ ಜೊತೆ, ಮತ್ತು ‘ಇಫ್’ ಜೊತೆ: ‘ವೈ ಬಾದರ್?’ ಅಂದರೆ ಯಾಕೆ ಸುಮ್ಮನೆ. ‘ಡಿಡ್ ಯು ಬಾದರ್ ಟು ಚೆಕ್?’ ಅಂದರೆ ನೋಡುವಷ್ಟಾದರೂ ಮಾಡಿದೆಯಾ. ‘ಇಫ್ ಯು ಹ್ಯಾಡ್ ಬಾದರ್ಡ್ ಟು ಆಸ್ಕ್’ ಅಂದರೆ ಒಂದು ಮಾತು ಕೇಳಿದ್ದಿದ್ದರೆ. ಇಲ್ಲವೆಂಬುದಿಲ್ಲದೆ ಬಂದರೆ ಅಲ್ಲಿ ಚುಚ್ಚು ಇರುತ್ತದೆ: ‘ಅಟ್ ಲೀಸ್ಟ್ ಐ ಬಾದರ್ಡ್ ಟು ಕಾಲ್’, ನಾನಾದರೂ ಫೋನ್ ಮಾಡಿದೆ, ನೀನು ಅದೂ ಇಲ್ಲ.

‘ಬಾದರ್ ಟು ಲಾಕ್’ ಸರಿಯೋ, ‘ಬಾದರ್ ಲಾಕಿಂಗ್’ ಸರಿಯೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಎರಡೂ ಸರಿ, ಅರ್ಥವೂ ಒಂದೇ. ‘ಟು ಲಾಕಿಂಗ್’ ಮಾತ್ರ ತಪ್ಪು. ಬಲಕ್ಕೆ ಕ್ರಿಯಾಪದದ ಬದಲು ವಸ್ತು ಬಂದರೆ ನಡುವೆ ‘ವಿತ್’ ಬೇಕು: ‘ಡೋಂಟ್ ಬಾದರ್ ವಿತ್ ದ ರಿಸೀಟ್’, ರಸೀದಿಯ ಉಸಾಬರಿ ಬೇಡ. ‘ಅಬೌಟ್’ ಬಂದರೆ ಅರ್ಥ ಚಿಂತೆಯ ಕಡೆ ವಾಲುತ್ತದೆ: ‘ಡೋಂಟ್ ಬಾದರ್ ಅಬೌಟ್ ದ ರಿಸೀಟ್’, ಅದರ ಯೋಚನೆ ಬಿಡಿ. ಬಳಕೆಯಲ್ಲಿ ಇವೆರಡರ ಗಡಿ ಅಷ್ಟೇನೂ ಬಿಗಿಯಿಲ್ಲ.

ಈಗ ‘ಐ ಡೋಂಟ್ ಬಾದರ್’. ನಮ್ಮ ಮಾತಿನಲ್ಲಿ ಇದರ ಅರ್ಥ ‘ನಾನು ಕೇರ್ ಮಾಡಲ್ಲ’. ಇಂಗ್ಲಿಷಿನಲ್ಲಿ ಎಡಕ್ಕೆ ನೀವಿದ್ದು ಬಲ ಖಾಲಿ ಇದೆ, ಅಂದರೆ ಅದು ಗೋಜಿನ ಅರ್ಥ: ‘ನಾನು ಸಾಮಾನ್ಯವಾಗಿ ಆ ಶ್ರಮ ತಗೊಳ್ಳುವುದಿಲ್ಲ.’ ‘ಶರ್ಟು ಇಸ್ತ್ರಿ ಮಾಡ್ತೀರಾ?’ ‘ಐ ಡೋಂಟ್ ಬಾದರ್.’ ಇದು ಸರಿ. ‘ಜನ ಏನೇನೋ ಅಂತಾರೆ’ ಎಂಬುದಕ್ಕೆ ಬೇಕಾದ ಉತ್ತರ ‘ಇಟ್ ಡಸಂಟ್ ಬಾದರ್ ಮಿ’. ಜನರ ಮಾತು ಎಡಕ್ಕೆ, ನೀವು ಬಲಕ್ಕೆ.

ಬರಹದಲ್ಲಿ ಇನ್ನೊಂದು ಜಾಗದಲ್ಲಿ ಕಾಲು ಜಾರುತ್ತದೆ. ‘ಡಿಡಂಟ್ ಬಾದರ್’ ಎಂಬುದು ವರದಿಯಲ್ಲ, ಆರೋಪ. ಮಾಡಬೇಕಿತ್ತು, ಮಾಡಬಹುದಿತ್ತು, ಅಸಡ್ಡೆಯಿಂದ ಮಾಡಲಿಲ್ಲ ಎಂಬಿಷ್ಟೂ ಅದರೊಳಗಿದೆ. ಸರಬರಾಜುದಾರರು ಇನ್ನೂ ಉತ್ತರಿಸಿಲ್ಲ ಎಂದು ಮೇಲಧಿಕಾರಿಗೆ ತಿಳಿಸುವಾಗ ‘ದೇ ಡಿಡಂಟ್ ಬಾದರ್ ಟು ರಿಪ್ಲೈ’ ಎಂದು ಬರೆದು, ಆ ಮೇಲ್ ಸರಪಳಿಯಲ್ಲಿ ಸರಬರಾಜುದಾರರೂ ಇದ್ದರೆ ಜಗಳ ಖಾತರಿ. ‘ದೇ ಹ್ಯಾವ್ ನಾಟ್ ರಿಪ್ಲೈಡ್ ಯೆಟ್’ ಸಾಕು.

‘ಬಾದರ್ಡ್’ ಎಂಬ ಬೇರೆ ಪ್ರಾಣಿ

‘ಐ ಆಮ್ ಬಾದರ್ಡ್ ಅಬೌಟ್ ಇಟ್’ ಅಂದರೆ ಅದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಇಲ್ಲಿವರೆಗೆ ಸುಲಭ. ‘ನಾಟ್’ ಸೇರಿದಾಗ ದೇಶ ನೋಡಬೇಕಾಗುತ್ತದೆ. ಬ್ರಿಟನ್ನಿನಲ್ಲಿ ‘ಟೀನೋ ಕಾಫಿನೋ?’ ಅಂದಾಗ ಎದುರಿನವರು ‘ಐ ಆಮ್ ನಾಟ್ ಬಾದರ್ಡ್’ ಅಂದರೆ ಅದು ಉದಾಸೀನವಲ್ಲ, ‘ಯಾವುದಾದರೂ ಆದೀತು’. ಹೊಸದಾಗಿ ಹೋದವರು ಇದನ್ನು ಅವಮಾನ ಎಂದುಕೊಂಡು ಮುಖ ಗಂಟಿಕ್ಕಿಕೊಳ್ಳುವುದುಂಟು. ಅಮೆರಿಕದಲ್ಲಿ ಈ ಬಳಕೆ ರೂಢಿಯಲ್ಲಿಲ್ಲ. ಅಲ್ಲಿ ‘ಐದರ್ ಈಸ್ ಫೈನ್’ ಅನ್ನಿ.

‘ಐ ಕಾಂಟ್ ಬಿ ಬಾದರ್ಡ್’ ಎಂಬುದೂ ಬ್ರಿಟನ್ನಿನಲ್ಲಿ ದಿನಬಳಕೆಯ ಮಾತು. ‘ಐ ಕಾಂಟ್ ಬಿ ಬಾದರ್ಡ್ ಟು ಕುಕ್ ಟುನೈಟ್’: ಇವತ್ತು ಅಡುಗೆ ಮಾಡಲು ಮೈ ಬಗ್ಗುತ್ತಿಲ್ಲ. ‘ಕಾಂಟ್’ ಇದ್ದರೂ ಇದು ಆಗದ ಮಾತಲ್ಲ, ಮನಸ್ಸಿಲ್ಲದ ಮಾತು. ಗೆಳೆಯರ ನಡುವೆ ಚೆಂದ. ಕೆಲಸ ಹೇಳಿದ ಮ್ಯಾನೇಜರ್ ಮುಂದೆ ಹೇಳಿದರೆ ‘ಹೋಗ್ರಿ, ಯಾರ್ ಮಾಡ್ತಾರೆ ಅದನ್ನ’ ಎಂದ ಹಾಗೆ.

‘ಲೀಸ್ಟ್ ಬಾದರ್ಡ್’ ಬಗ್ಗೆ ನೇರವಾಗಿಯೇ ಹೇಳಬೇಕು. ‘ಹಿ ಈಸ್ ಲೀಸ್ಟ್ ಬಾದರ್ಡ್’ ಎಂಬುದು ಭಾರತದ ಇಂಗ್ಲಿಷ್. ಬೆಂಗಳೂರಿನಿಂದ ದೆಹಲಿವರೆಗೆ ಎಲ್ಲರಿಗೂ ಅರ್ಥವಾಗುತ್ತದೆ, ಆದ್ದರಿಂದ ಇಲ್ಲಿ ಬಳಸುವುದನ್ನು ತಪ್ಪೆಂದು ಕೆಂಪು ಶಾಯಿಯಲ್ಲಿ ಗೀಚುವುದು ಅತಿ. ಆದರೆ ಹೊರಗಿನವರಿಗೆ ‘ಲೀಸ್ಟ್’ ಅಂದರೆ ಹೋಲಿಕೆ: ಇದ್ದವರಲ್ಲೆಲ್ಲ ಇವನು ಕಡಿಮೆ ಚಿಂತಿತ. ಯಾರಲ್ಲಿ ಎಂದು ಅವರು ಹುಡುಕುತ್ತಾರೆ. ಪರೀಕ್ಷೆ, ಸಂದರ್ಶನ, ಹೊರದೇಶದ ಪತ್ರವ್ಯವಹಾರದಲ್ಲಿ ‘ಹಿ ಈಸ್ ನಾಟ್ ಇನ್ ದ ಲೀಸ್ಟ್ ಬಾದರ್ಡ್’ ಎಂದು ಬಿಡಿಸಿ ಬರೆಯಿರಿ. ಕಳೆದುಹೋಗಿದ್ದ ‘ನಾಟ್ ಇನ್ ದ’ ವಾಪಸು ಬಂದರೆ ವಾಕ್ಯ ನೆಟ್ಟಗಾಗುತ್ತದೆ.

‘ಹಾಟ್ ಅಂಡ್ ಬಾದರ್ಡ್’ ಅಂದರೆ ಗಾಬರಿಯಲ್ಲೋ ಸಿಟ್ಟಿನಲ್ಲೋ ಮುಖ ಕೆಂಪಾಗಿ ಬೆವೆತದ್ದು. ಕಾಮದ ಉದ್ರೇಕಕ್ಕೂ ಬಳಸುತ್ತಾರೆ, ಆದ್ದರಿಂದ ಕಚೇರಿಯಲ್ಲಿ ಬಾಯಿಗೆ ತಂದುಕೊಳ್ಳದಿರುವುದೇ ಲೇಸು.

ನಾಮಪದವಾದಾಗ

ಕ್ರಿಕೆಟ್ ಕಾಮೆಂಟರಿ ಇಂಗ್ಲಿಷಿನಲ್ಲಿ ಕೇಳಿದವರಿಗೆ ‘ಇನ್ ಎ ಸ್ಪಾಟ್ ಆಫ್ ಬಾದರ್’ ಹೊಸದಲ್ಲ. 20 ರನ್ನಿಗೆ 4 ವಿಕೆಟ್ ಉದುರಿದಾಗ ಬರುವ ಮಾತು. ‘ಸ್ಪಾಟ್’ ಅಂದರೆ ಇಲ್ಲಿ ಜಾಗವಲ್ಲ, ಒಂದು ತೊಟ್ಟು. ಒಂಚೂರು ತೊಂದರೆಯಲ್ಲಿದ್ದಾರೆ ಎಂದು ಹೇಳುತ್ತ ಮುಳುಗುತ್ತಿದ್ದಾರೆ ಎಂದು ಸೂಚಿಸುವುದು ಬ್ರಿಟಿಷರ ವರಸೆ. ಪೊಲೀಸರ ಕೈಗೆ ಸಿಕ್ಕಿಬಿದ್ದವನಿಗೂ ಇದನ್ನೇ ಹೇಳುತ್ತಾರೆ. ಅಕ್ಷರಶಃ ಸಣ್ಣದು ಎಂದು ನಂಬಬೇಡಿ.

ಐರ್ಲೆಂಡ್, ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಥ್ಯಾಂಕ್ಸ್ ಹೇಳಿದರೆ ‘ನೋ ಬಾದರ್’ ಎಂಬ ಉತ್ತರ ಬರುತ್ತದೆ. ನಮ್ಮ ‘ಅದರಲ್ಲೇನಿದೆ ಬಿಡಿ’. ಡಬ್ಲಿನ್‌ಗೆ ಕೆಲಸಕ್ಕೆ ಹೋದವರಿಗೆ ಮೊದಲ ವಾರದಲ್ಲೇ ಕೇಳಿಸುವ ಮಾತು, ‘ನನಗೆ ತೊಂದರೆ ಕೊಡಬೇಡ’ ಎಂದು ಅಪಾರ್ಥ ಮಾಡಿಕೊಳ್ಳಬಾರದು.

ನಾಮಪದಕ್ಕೆ ಬಹುವಚನ ಹಚ್ಚಬೇಡಿ. ‘ಸೋ ಮೆನಿ ಬಾದರ್ಸ್’ ಇಲ್ಲ, ‘ಸೋ ಮಚ್ ಬಾದರ್’ ಇದೆ. ‘ಹಿ ಈಸ್ ಗಿವಿಂಗ್ ಬಾದರ್’ ಎಂಬುದು ‘ತೊಂದರೆ ಕೊಡ್ತಿದ್ದಾನೆ’ಯ ನೇರ ನಕಲು, ‘ಹಿ ಈಸ್ ಬಾದರಿಂಗ್ ಮಿ’ ಅಂದರೆ ಮುಗಿಯಿತು. ‘ಕೊಡು’, ‘ಮಾಡು’ ಎರಡನ್ನೂ ಮನಸ್ಸಿನಿಂದ ತೆಗೆದುಹಾಕಿ, ‘ಬಾದರ್’ ತಾನೇ ಕ್ರಿಯಾಪದ.

‘ಸಾರಿ ಟು ಬಾದರ್ ಯು’ ಯಾವಾಗ, ಎಷ್ಟು ಸಲ

ಅಪರಿಚಿತರನ್ನು ದಾರಿ ಕೇಳುವಾಗ, ಕೆಲಸದಲ್ಲಿ ಮುಳುಗಿದವರ ಮೇಜಿನ ಬಳಿ ನಿಂತಾಗ, ಇದು ನಮ್ಮ ‘ಸ್ವಲ್ಪ ತೊಂದರೆ ಕೊಡ್ತಿದ್ದೀನಿ’ಗೆ ಸಮ. ಹೇಳಿ ನಿಲ್ಲಿಸಬೇಡಿ, ‘ಬಟ್’ ಸೇರಿಸಿ ತಕ್ಷಣ ವಿಷಯಕ್ಕೆ ಬನ್ನಿ. ‘ಸಾರಿ ಟು ಬಾದರ್ ಯು, ಬಟ್ ಈಸ್ ದಿಸ್ ಸೀಟ್ ಟೇಕನ್?’ ‘ಸಾರಿ ಫಾರ್ ಬಾದರ್’ ಅನ್ನಬೇಡಿ. ‘ಫಾರ್’ ಬೇಕೇ ಬೇಕೆಂದರೆ ‘ಸಾರಿ ಫಾರ್ ಬಾದರಿಂಗ್ ಯು’. ಅದು ಹೊಂದುವುದು ಕೊಟ್ಟ ಕಾಟಕ್ಕೆ ಆಮೇಲೆ ಕ್ಷಮೆ ಕೇಳುವಾಗ.

ಮೇಲ್‌ನಲ್ಲಿ ಲೆಕ್ಕ ಬೇರೆ. ನಿಮ್ಮ ಕೆಲಸಕ್ಕೆ ಸಂಬಂಧಿಸಿದ, ಅವರು ಉತ್ತರಿಸಲೇಬೇಕಾದ ಪ್ರಶ್ನೆ ಕೇಳುವಾಗ ಪ್ರತಿ ಸಲವೂ ‘ಸಾರಿ ಟು ಬಾದರ್ ಯು’ ಎಂದು ಆರಂಭಿಸಿದರೆ ಮೂರನೆಯ ಮೇಲ್ ಹೊತ್ತಿಗೆ ನೀವು ನಿಜಕ್ಕೂ ಕಾಟ ಕೊಡುವವರಂತೆ ಕಾಣತೊಡಗುತ್ತೀರಿ. ಅದನ್ನು ರಜೆಯಲ್ಲಿರುವವರಿಗೆ, ಹೊತ್ತಲ್ಲದ ಹೊತ್ತಿಗೆ ಕಳಿಸುವಾಗ, ಇಲ್ಲವೇ ಅವರ ಜವಾಬ್ದಾರಿಯಲ್ಲದ್ದನ್ನು ಕೇಳುವಾಗ ಇಟ್ಟುಕೊಳ್ಳಿ. ಉತ್ತರ ಬಾರದಿದ್ದಾಗ ಎರಡನೇ ಸಲ ಬರೆಯುವುದಾದರೆ ‘ಸಾರಿ ಟು ಬಾದರ್ ಯು ಅಗೇನ್’ ಒಮ್ಮೆ ನಡೆಯುತ್ತದೆ. ಮೂರನೇ ಸಲ ಕ್ಷಮೆ ಬೇಡ, ತಾರೀಖು ಬೇಕು: ಇಂಥ ದಿನದೊಳಗೆ ಉತ್ತರ ಬೇಕಾಗಿದೆ ಎಂದು ಬರೆಯಿರಿ.

ಮೊದಲಿನ ಕಾಫಿಯ ವಿಷಯಕ್ಕೆ ಬಂದರೆ, ಬರೀ ‘ಡೋಂಟ್ ಬಾದರ್’ ವ್ಯಾಕರಣಕ್ಕೆ ಸರಿ, ದನಿಗೆ ಅಪಾಯ. ನಗುತ್ತ, ಎಳೆದು ಹೇಳಿದರೆ ‘ಬೇಡ ಬಿಡಿ’. ಚುಟುಕಾಗಿ ಹೇಳಿದರೆ ‘ನಿನ್ನ ಉಪಕಾರ ಬೇಕಿಲ್ಲ’. ಬರಹದಲ್ಲಿ ನಗು ಕಾಣುವುದಿಲ್ಲವಾದ್ದರಿಂದ ಅಲ್ಲಿ ಇನ್ನೂ ಕೆಡುಕು. ‘ಪ್ಲೀಸ್ ಡೋಂಟ್ ಗೋ ಟು ಎನಿ ಟ್ರಬಲ್’ ಅಂದರೆ ಉಪಚಾರದ ಮಾತು ಉಪಚಾರವಾಗಿಯೇ ಉಳಿಯುತ್ತದೆ.

ಇದರ ಬದಲು ಬೇರೆ ಪದ ಬೇಕಾದಾಗ

ಸಿಟ್ಟು ಬಂದಿದ್ದರೆ ‘ಅನಾಯ್’. ಒಂದೇ ಕಿರಿಕಿರಿ ಮತ್ತೆ ಮತ್ತೆ ಆಗಿ ರೇಗಿದ್ದರೆ ‘ಇರಿಟೇಟ್’. ಚರ್ಮ, ಕಣ್ಣು ಉರಿಯುವುದಕ್ಕೂ ಇದೇ, ‘ಅನಾಯ್’ ನಡೆಯದು. ನಿದ್ದೆ, ಕೆಲಸ, ಸಭೆ ಕೆಡಿಸುವುದಕ್ಕೆ ‘ಡಿಸ್ಟರ್ಬ್’, ಹೋಟೆಲ್ ಬಾಗಿಲಿಗೆ ನೇತುಹಾಕುವ ಫಲಕದಲ್ಲಿ ಇರುವುದೂ ಅದೇ. ಬೇಕು ಬೇಕು ಎಂದು ಬೆನ್ನು ಹತ್ತುವುದು ‘ಪೆಸ್ಟರ್’.

ದೂರು ಬರೆಯುವಾಗ ‘ಬಾದರ್’ ಕೈಬಿಡಿ. ರಾತ್ರಿಯಿಡೀ ಧ್ವನಿವರ್ಧಕ ಹಾಕುವವರ ಮೇಲೆ ಪೊಲೀಸ್ ಠಾಣೆಗೆ ಕೊಡುವ ಅರ್ಜಿಯಲ್ಲಿ ‘ದೇ ಆರ್ ಬಾದರಿಂಗ್ ಅಸ್’ ಎಂದು ಬರೆದರೆ ಅದು ಗೊಣಗಾಟದಂತೆ ಓದಿಸಿಕೊಳ್ಳುತ್ತದೆ. ಕಾನೂನಿಗೆ ತನ್ನದೇ ಪದಗಳಿವೆ. ಭಾರತೀಯ ದಂಡ ಸಂಹಿತೆಯ 268ನೇ ಕಲಮಿನಲ್ಲಿದ್ದ ‘ಪಬ್ಲಿಕ್ ನ್ಯೂಸೆನ್ಸ್’, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 270ನೇ ಕಲಮು. ಸಾರ್ವಜನಿಕರಿಗೆ ಆಗುವ ‘ಅನಾಯನ್ಸ್’ ಎಂಬ ಪದ ಆ ವ್ಯಾಖ್ಯೆಯೊಳಗೇ ಇದೆ. ಒಬ್ಬರನ್ನೇ ಗುರಿಯಾಗಿಟ್ಟುಕೊಂಡು ಪೀಡಿಸುತ್ತಿದ್ದರೆ ‘ಹರಾಸ್‌ಮೆಂಟ್’ ಎಂದು ಬರೆದು, ಯಾವ ದಿನ, ಎಷ್ಟು ಹೊತ್ತಿಗೆ, ಏನಾಯಿತು ಎಂದು ಕೆಳಗೆ ಸೇರಿಸಿ.

ಕೈಗೆ ಕೂರುವವರೆಗೆ

ಕೆಳಗಿನ ಕನ್ನಡ ವಾಕ್ಯಗಳನ್ನು ಮೊದಲು ಕಾಟ, ಗೋಜು, ಸ್ಥಿತಿ ಎಂದು ಬೇರ್ಪಡಿಸಿ, ಆಮೇಲೆ ಎಡಬಲ ತುಂಬಿ, ಕೊನೆಗೆ ಉತ್ತರ ನೋಡಿ.

‘ಈ ಸೊಳ್ಳೆ ಕಾಟ ತಡೆಯೋಕಾಗ್ತಿಲ್ಲ.’ ಕಾಟ. ಸೊಳ್ಳೆ ಎಡಕ್ಕೆ: ‘ದೀಸ್ ಮಸ್ಕೀಟೋಸ್ ಆರ್ ರಿಯಲಿ ಬಾದರಿಂಗ್ ಮಿ.’

‘ಬಾಗಿಲು ಹಾಕೋ ಗೋಜಿಗೂ ಹೋಗಿಲ್ಲ ಯಾರೂ.’ ಗೋಜು ಎಂಬುದು ವಾಕ್ಯದಲ್ಲೇ ಇದೆ: ‘ನೋಬಡಿ ಈವನ್ ಬಾದರ್ಡ್ ಟು ಶಟ್ ದ ಡೋರ್.’ ‘ನೋಬಡಿ’ಯೊಳಗೆ ಇಲ್ಲ ಎಂಬುದು ಸೇರಿಕೊಂಡಿದೆ, ಇನ್ನೊಂದು ‘ನಾಟ್’ ಹಾಕಬೇಡಿ.

‘ಅವರು ಬೈದಿದ್ದಕ್ಕೆ ನಾನೇನೂ ತಲೆ ಕೆಡಿಸಿಕೊಂಡಿಲ್ಲ.’ ಇಲ್ಲಿ ಎರಡು ದಾರಿ. ಸ್ಥಿತಿಯಾಗಿ ನೋಡಿದರೆ ‘ಐ ಆಮ್ ನಾಟ್ ಬಾದರ್ಡ್ ಅಬೌಟ್ ಇಟ್’. ಬೈಗುಳವನ್ನು ಎಡಕ್ಕೆ ತಂದರೆ ‘ಇಟ್ ಡಸಂಟ್ ಬಾದರ್ ಮಿ’. ‘ಐ ಡೋಂಟ್ ಬಾದರ್’ ಎಂದು ಬಂದಿದ್ದರೆ ಮೊದಲ ಹೆಜ್ಜೆಗೆ ವಾಪಸು ಹೋಗಿ.

‘ನಾನು ನಿಮಗೆ ತೊಂದರೆ ಕೊಡ್ತಿದ್ದೀನಾ?’ ಇದೊಂದರಲ್ಲಿ ನೀವೇ ಎಡಕ್ಕೆ, ‘ಐಎನ್‌ಜಿ’ಯೂ ಸರಿ: ‘ಆಮ್ ಐ ಬಾದರಿಂಗ್ ಯು?’

‘ಅಷ್ಟು ದೂರ ಹೋಗಿ ಬರೋದು ಯಾಕೆ ಸುಮ್ನೆ, ಫೋನಲ್ಲೇ ಕೇಳಿದ್ರಾಯ್ತು.’ ಗೋಜು, ಪ್ರಶ್ನೆಯ ರೂಪದಲ್ಲಿ: ‘ವೈ ಬಾದರ್ ಗೋಯಿಂಗ್ ಆಲ್ ದಟ್ ವೇ? ಜಸ್ಟ್ ಕಾಲ್ ದೆಮ್.’ ‘ಯಾಕೆ ಸುಮ್ನೆ’ ಎಂದು ಬಾಯಿಗೆ ಬಂದಲ್ಲೆಲ್ಲ ‘ವೈ ಬಾದರ್’ ಇಟ್ಟು ನೋಡಿ, ಹತ್ತರಲ್ಲಿ ಎಂಟು ಸಲ ಕೂರುತ್ತದೆ. ಕೂರದ ಎರಡು ಯಾವುವೆಂದರೆ, ‘ಯಾಕೆ ಸುಮ್ನೆ ಕೂತಿದ್ದೀಯ’ ಥರದವು. ಅಲ್ಲಿ ‘ಸುಮ್ನೆ’ಗೆ ನಿಜಕ್ಕೂ ಸುಮ್ಮನೆ ಎಂದೇ ಅರ್ಥ.